ಕತ್ತಿನ ಹಿಂದಿನ ಕಪ್ಪು

2024ರ ನರಕ ಚತುರ್ದಶಿಯ ನಸುಕು. ಹಿಂದಿನ ರಾತ್ರಿಯಷ್ಟೇ ಮೈಸೂರಿನಿಂದ ಕೊನೆಯ ಬಸ್ಸು ಹಿಡಿದು ಊರು ಸೇರಿದ್ದೆ. ಬಚ್ಚಲಲ್ಲಿ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆಸಿಕೊಂಡ ಹಂಡೆ ಕುದಿಯುತ್ತಿತ್ತು. ಅಮ್ಮ ನೆತ್ತಿಗೆ ಹರಳೆಣ್ಣೆ ಒತ್ತಿ, ಬೆನ್ನಿಗೆ ಸೀಗೆಪುಡಿ ಉಜ್ಜುತ್ತಾ ಕತ್ತಿನ ಹಿಂಭಾಗಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು. "ಹಾಸ್ಟೆಲಿನಲ್ಲಿ ಸ್ನಾನ ಮಾಡುತ್ತೀಯೋ ಇಲ್ಲವೋ? ಕತ್ತಿನ ತುಂಬ ಕೊಳೆ ಕಟ್ಟಿಕೊಂಡಿದೆಯಲ್ಲೋ" ಎಂದಳು. ಸೀಗೆಪುಡಿ ಆಯಿತು, ಕಡಲೆಹಿಟ್ಟು ಆಯಿತು, ಕೊನೆಗೆ ತೆಂಗಿನ ನಾರು ಬಂತು. ಚರ್ಮ ಉರಿಯತೊಡಗಿತೇ ಹೊರತು ಕಪ್ಪು ಒಂದು ಚೂರೂ ಬಿಡಲಿಲ್ಲ.

ನನಗಾಗ ಹದಿನೆಂಟು. ಚನ್ನರಾಯಪಟ್ಟಣ ತಾಲ್ಲೂಕಿನ ತೆಂಗಿನ ತೋಟಗಳ ನಡುವಿನ ಹಳ್ಳಿ ನಮ್ಮದು. ಪಿಯುಸಿಯ ಎರಡು ವರ್ಷ ಸಿಇಟಿ ತರಬೇತಿ ಎಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುರ್ಚಿಗೆ ಅಂಟಿಕೊಂಡಿದ್ದೆ. ಹಾಗೆ ಕುಳಿತೇ 85 ಕೆಜಿಗೆ ಬಂದವನು ಮೈಸೂರಿನ ಎಂಜಿನಿಯರಿಂಗ್ ಕಾಲೇಜು ಸೇರಿ ಹಾಸ್ಟೆಲ್ ಹತ್ತಿದೆ. ಮೊದಲ ಸೆಮಿಸ್ಟರಿನಲ್ಲಿ ನಮಗೆ ಕೆಮಿಸ್ಟ್ರಿ ಸೈಕಲ್, ಅಂದರೆ ರಸಾಯನಶಾಸ್ತ್ರದ ಪಾಠ, ಪ್ರಯೋಗಗಳ ಸರದಿ. ಕಾಲೇಜಿನ ಮೊದಲ ವಾರ ಹೊಲಿಸಿದ ಬಿಳಿ ಕೋಟಿನ ಹೊಟ್ಟೆಯ ಗುಂಡಿ ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಕಾಜಾಕ್ಕೆ ನಿಲುಕುವುದು ನಿಂತಿತ್ತು. ಬ್ಯೂರೆಟ್ ತುಂಬಲು ಕೈ ಎತ್ತಿದರೆ ಕೋಟು ಎರಡೂ ಕಡೆ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು. ಒಗೆದಾಗ ಬಟ್ಟೆ ಕುಗ್ಗಿದೆ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಹಬ್ಬ ಮುಗಿದ ಮೇಲೆ ಅಪ್ಪ ತಿಂಗಳ ಮಾತ್ರೆಗೆಂದು ಪಟ್ಟಣದ ವೈದ್ಯರ ಬಳಿ ಹೊರಟರು. ಅಪ್ಪನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸ್ಕೂಟರ್ ಓಡಿಸಲು ಹೋದವನು ನಾನು. ವೈದ್ಯರು ಅಪ್ಪನ ಚೀಟಿ ಬರೆಯುತ್ತಾ ಬರೆಯುತ್ತಾ ಒಮ್ಮೆ ತಲೆ ಎತ್ತಿ, "ಇವರದು ನನಗೆ ಗೊತ್ತಿರುವ ಕಥೆ. ಏನಪ್ಪಾ, ನೀನು ಆ ಕಡೆ ತಿರುಗು ನೋಡೋಣ" ಎಂದರು. ಕತ್ತಿನ ಮೇಲೆ ಬೆರಳಾಡಿಸಿ, "ಇದನ್ನು ಎಷ್ಟು ಉಜ್ಜಿದ್ದೀರಿ? ಇದು ಕೊಳೆಯಲ್ಲ" ಎಂದರು.

ಅದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂಬ ದೊಡ್ಡ ಹೆಸರಿದೆ. ಅವರು ಬಿಡಿಸಿ ಹೇಳಿದ್ದು ಇಷ್ಟು: ಬೊಜ್ಜು ಏರಿದ ದೇಹ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತದೆ. ಮೇದೋಜೀರಕ ಗ್ರಂಥಿ ಸೋಲೊಪ್ಪದೆ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಹಾಗೆ ಹೆಚ್ಚಾದದ್ದು ಚರ್ಮದ ಕೋಶಗಳನ್ನೂ ಕೆರಳಿಸಿ ಬೆಳೆಸುತ್ತದೆ. ಕತ್ತು, ಕಂಕುಳಿನಂಥ ಮಡಿಕೆಗಳಲ್ಲಿ ಚರ್ಮ ದಪ್ಪವಾಗಿ, ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತಾಗುತ್ತದೆ. ಎಲ್ಲ ಕಪ್ಪು ಕತ್ತೂ ಇದೇ ಕಾರಣದ್ದಲ್ಲ, ಆದರೆ ಸಕ್ಕರೆ ಕಾಯಿಲೆಯ ಅಪ್ಪನ ದಪ್ಪ ಮಗನಲ್ಲಿ ಕಂಡರೆ ಪರೀಕ್ಷೆ ಮಾಡಿಸದೆ ಬಿಡಬಾರದು ಎಂದರು.

ಪರೀಕ್ಷೆ ಮಾಡಿಸಿದೆವು. ತೂಕ 89.4 ಕೆಜಿ, ಎತ್ತರ 170 ಸೆಂ.ಮೀ., ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಬಿಎಂಐ 31ರ ಹತ್ತಿರ. ನಮ್ಮಂಥ ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9 ಇತ್ತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. 150ರ ಒಳಗಿರಬೇಕಾದ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 198. ಸ್ಕ್ಯಾನಿಂಗಿನಲ್ಲಿ ಯಕೃತ್ತಿನಲ್ಲಿ ಕೊಬ್ಬು, ಮೊದಲ ಹಂತ. ಥೈರಾಯಿಡ್ ಮಾತ್ರ ಸರಿಯಾಗಿತ್ತು. ನಿಜ ಹೇಳುತ್ತೇನೆ, ಅದನ್ನು ಓದಿ ನನಗೆ ನಿರಾಸೆಯಾಯಿತು. ಥೈರಾಯಿಡ್ ಇದ್ದಿದ್ದರೆ ತಪ್ಪು ಅದರದ್ದಾಗುತ್ತಿತ್ತು, ಬೆಳಿಗ್ಗೆ ಒಂದು ಮಾತ್ರೆಯಲ್ಲಿ ಮುಗಿಯುತ್ತಿತ್ತು.

ವೈದ್ಯರು ಮಾತ್ರೆ ಬರೆಯಲಿಲ್ಲ. "ವಾರಕ್ಕೆ ಅರ್ಧ ಕೆಜಿ. ಅದಕ್ಕಿಂತ ಬೇಗ ಇಳಿಸಲು ಹೋಗಬೇಡ, ಪುಡಿ ಗಿಡಿ ತಿನ್ನಬೇಡ, ಆರು ತಿಂಗಳು ಬಿಟ್ಟು ಬಾ" ಎಂದು ಕಳುಹಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲೂ ವಾರಕ್ಕೆ ಅರ್ಧ ಕೆಜಿ ಎಂಬ ಇದೇ ಅಳತೆ ಇದೆ ಎಂದು ಆಮೇಲೆ ಓದಿ ತಿಳಿದೆ.

ಅವರ ಮಾತನ್ನು ಪಾಲಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಎರಡು ವಾರ ನನ್ನದೇ ಬುದ್ಧಿ ಓಡಿಸಿದೆ. ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ, ತಿಂಡಿಗೆ ರಜೆ. ಜೇನೂ ಸಕ್ಕರೆಯೇ ಎಂಬುದು ಆಗ ಹೊಳೆಯಲಿಲ್ಲ. ಹನ್ನೊಂದು ಗಂಟೆಯ ಬಿಡುವಿಗೆ ಕ್ಯಾಂಟೀನಿನ ಮುಂದೆ ನಿಂತರೆ ಕೈ ನಡುಗುತ್ತಿತ್ತು. ಒಂದು ಎಗ್ ಪಫ್ ಎಂದು ಬಾಯಿ ಹೇಳಿದರೆ ಕೈ ಎರಡು ತೆಗೆದುಕೊಳ್ಳುತ್ತಿತ್ತು. ಎರಡು ವಾರದ ಕೊನೆಗೆ ಕಾಲೇಜಿನ ಎದುರಿನ ಔಷಧಿ ಅಂಗಡಿಯ ತಕ್ಕಡಿ ಮೇಲೆ ನಿಂತಾಗ 89.6. ಇನ್ನೂರು ಗ್ರಾಂ ಏರಿದ್ದೆ.

ಆಗ ಕೋಪ ಬಂದದ್ದು ಮೆಸ್ಸಿನ ಮೇಲೆ. ಹಾಸ್ಟೆಲಿನಲ್ಲಿ ಇರುವವರೆಲ್ಲ ಮಾಡುವ ಕೆಲಸವೇ ಅದು. ಮನೆಯಲ್ಲಾದರೆ ಅಮ್ಮನಿಗೆ ಎಣ್ಣೆ ಕಡಿಮೆ ಹಾಕು ಎನ್ನಬಹುದು, ಇಲ್ಲಿ ನಾನೂರು ಜನರ ಕೊಪ್ಪರಿಗೆಗೆ ಯಾರ ಮಾತು ನಡೆಯುತ್ತದೆ? ಮಂಗಳವಾರ ಪುಳಿಯೋಗರೆ, ಗುರುವಾರ ಉಪ್ಪಿಟ್ಟು ಕೇಸರಿಬಾತ್, ಶನಿವಾರ ಪೂರಿ ಸಾಗು. ವಾರದ ಮೆನು ಗೋಡೆಯ ಮೇಲೆ ಶಾಸನದಂತೆ ಕೂತಿರುತ್ತದೆ. ಇಂಥ ಊಟ ತಿಂದು ಯಾರು ಸಣ್ಣಗಾಗುತ್ತಾರೆ ಎಂದು ಎಲ್ಲರೆದುರು ಬೈದುಕೊಂಡು ತಿರುಗಿದೆ. ಬೈದದ್ದನ್ನು ಸಾಬೀತು ಮಾಡಬೇಕೆಂಬ ಹಟಕ್ಕೇ ಮುನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ತಂದೆ.

ಒಂದು ವಾರ ತೂಗಿದೆ. ಏನನ್ನೂ ಬಿಡಲಿಲ್ಲ, ಕಡಿಮೆಯೂ ಮಾಡಲಿಲ್ಲ, ತಿನ್ನುವುದನ್ನೆಲ್ಲ ಬರೆದುಕೊಂಡೆ ಅಷ್ಟೇ. ತೂಕ ಇಳಿಸಬೇಕೆಂದು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಈ ಒಂದು ವಾರದ ಕೆಲಸವನ್ನು. ಮಧ್ಯಾಹ್ನ ನಮ್ಮ ಕಡೆಯ ಊಟ ಮೂರು ಸುತ್ತಿನದು: ಸಾಂಬಾರಿಗೆ ಒಮ್ಮೆ ಅನ್ನ, ತಿಳಿಸಾರಿಗೆ ಒಮ್ಮೆ, ಮಜ್ಜಿಗೆಗೆ ಒಮ್ಮೆ. ಮೂರೂ ಸೇರಿ 550 ಗ್ರಾಂ ತೂಗಿತು. ನೂರು ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ ಎಂದರೂ ಏಳುನೂರು ದಾಟಿತು. ಹೆಚ್ಚೇ, ಆದರೆ ನಾನು ಊಹಿಸಿದಷ್ಟು ರಾಕ್ಷಸನಲ್ಲ. ನಿಜವಾದ ರಾಕ್ಷಸ ಸಿಕ್ಕಿದ್ದು ಇನ್ನೆರಡು ಕಡೆ.

ಒಂದು, ಟೀ. ದಿನಕ್ಕೆ ಐದು. ಕ್ಯಾಂಟೀನಿನ ಟೀ ಸಕ್ಕರೆ ಸೇರಿಸಿಯೇ ಕುದಿಸಿದ್ದು. ಟೀ ಮಾಡುವ ಅಣ್ಣನನ್ನು ಪುಸಲಾಯಿಸಿ ಕೇಳಿದಾಗ ಲೋಟಕ್ಕೆ ಹೆಚ್ಚು ಕಡಿಮೆ ಎರಡೂವರೆ ಚಮಚ ಬೀಳುತ್ತದೆ ಎಂದರು. ಚಮಚಕ್ಕೆ ಐದು ಗ್ರಾಂ ಎಂದರೆ ದಿನಕ್ಕೆ ಅರವತ್ತು ಗ್ರಾಂ ಮೇಲೆ ಸಕ್ಕರೆ ಬರೀ ಟೀಯಲ್ಲೇ. ದಿನಕ್ಕೆ 25 ಗ್ರಾಂ ಒಳಗಿರಲಿ ಎನ್ನುವುದು ಮಾರ್ಗಸೂಚಿ. ಎರಡು, ರಾತ್ರಿ. ಮೆಸ್ಸಿನಲ್ಲಿ ನಾವು ಊಟ ಮುಗಿಸುತ್ತಿದ್ದದ್ದು ಏಳೂವರೆಗೆ, ಮಲಗುತ್ತಿದ್ದದ್ದು ಎರಡಕ್ಕೆ. ನಡುವೆ ಹನ್ನೊಂದರ ಸುಮಾರಿಗೆ ಕೆಟಲಿನಲ್ಲಿ ಎರಡು ಪೊಟ್ಟಣ ನೂಡಲ್ಸ್, ಇಲ್ಲವೇ ಗೇಟಿನ ಹೊರಗಿನ ಗಾಡಿಯಲ್ಲಿ ಗೋಬಿ ಮಂಚೂರಿ. (2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಆಮೇಲೆ ಕೆಂಪು ಕಡಿಮೆಯಾಯಿತು, ಎಣ್ಣೆ ಇದ್ದಷ್ಟೇ ಇದೆ.) ನೂಡಲ್ಸ್ ಪೊಟ್ಟಣವೊಂದಕ್ಕೆ ಮುನ್ನೂರು ಕ್ಯಾಲೊರಿಯ ಮೇಲೆ.

ಒಂದು ಕೆಜಿ ಕೊಬ್ಬು ಎಂದರೆ ಅಂದಾಜು 7,700 ಕ್ಯಾಲೊರಿ. ವಾರಕ್ಕೆ ಅರ್ಧ ಕೆಜಿ ಇಳಿಯಬೇಕಾದರೆ ದಿನಕ್ಕೆ 550 ಕಡಿಮೆಯಾಗಬೇಕು. ಟೀ ಸಕ್ಕರೆ ಮತ್ತು ರಾತ್ರಿಯ ಎರಡನೇ ಊಟ ಸೇರಿದರೆ ಎಂಟುನೂರು ದಾಟುತ್ತಿತ್ತು. ಅಂದರೆ ನಾನು ಬೈಯುತ್ತಿದ್ದ ಮೆಸ್ಸಿನ ಊಟವನ್ನು ಹೆಚ್ಚುಕಮ್ಮಿ ಹಾಗೆಯೇ ತಿಂದುಕೊಂಡಿದ್ದರೂ ಸಾಕಿತ್ತು. ನನ್ನನ್ನು ದಪ್ಪ ಮಾಡಿದ್ದು ಭಟ್ಟರಲ್ಲ, ರಾತ್ರಿ ಹತ್ತರ ನಂತರದ ನಾನು.

ಟೀಯದು ಸುಲಭವಾಯಿತು. ಮೈಸೂರಿನಲ್ಲಿ ಬೈಟು ಎಂಬ ದೊಡ್ಡ ಸೌಲಭ್ಯವಿದೆಯಲ್ಲ. ಒಂದು ಟೀ ಎರಡು ಲೋಟಕ್ಕೆ ಹಂಚಿಕೊಳ್ಳುವುದು. ಐದು ಪೂರ್ತಿ ಟೀ ಹೋಗಿ ಮೂರು ಬೈಟು ಬಂತು. ಗೆಳೆಯರ ಜೊತೆ ನಿಲ್ಲುವುದೂ ತಪ್ಪಲಿಲ್ಲ. ಟೀ ಅಂಗಡಿಯ ಮುಂದೆ ಬರಿಗೈಲಿ ನಿಲ್ಲುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ರಾತ್ರಿಯದು ಹಾಗಲ್ಲ. ಮೊದಲು ಹಟ ಹಿಡಿದು ನೋಡಿದೆ. ನಮ್ಮ ಕೋಣೆಯಲ್ಲಿ ಮೂವರು: ನಾನು, ಬಾಗಲಕೋಟೆಯವನೊಬ್ಬ, ಕುಂದಾಪುರದವನೊಬ್ಬ. ಅವರಿಬ್ಬರೂ ಕಡ್ಡಿಯಂತಿದ್ದವರು. ಹನ್ನೊಂದಕ್ಕೆ ಕೆಟಲ್ ಗುಳುಗುಳು ಎನ್ನುತ್ತಿದ್ದಂತೆ ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಮಸಾಲೆಯ ವಾಸನೆಗೆ ಗೋಡೆ ಅಡ್ಡ ಬರುವುದಿಲ್ಲ. ನಾಲ್ಕನೆಯ ರಾತ್ರಿ ಎದ್ದು ಅವರಿಬ್ಬರ ಪಾಲನ್ನೂ ತಿಂದೆ. ಬಾಗಲಕೋಟೆಯವನು ಬೇಸರ ಮಾಡಿಕೊಳ್ಳಲಿಲ್ಲ. "ನಿನಗೆ ನಿಜವಾಗಿಯೂ ಹಸಿವಾಗಿತ್ತು. ಏಳೂವರೆಗೆ ಉಂಡವನಿಗೆ ಹನ್ನೊಂದಕ್ಕೆ ಹಸಿವಾಗದೆ ಇರುತ್ತದೆಯೇ?" ಎಂದ. ಅಲ್ಲಿಯವರೆಗೆ ಅದನ್ನು ನಾನು ಬಾಯಿಚಪಲ ಎಂದೇ ತಿಳಿದು ನನ್ನನ್ನು ನಾನು ಹಳಿದುಕೊಳ್ಳುತ್ತಿದ್ದೆ. ಹಸಿವು ಎಂದು ಒಪ್ಪಿಕೊಂಡ ಮೇಲೆ ಅದಕ್ಕೊಂದು ಏರ್ಪಾಡು ಮಾಡುವುದು ಕಷ್ಟವಾಗಲಿಲ್ಲ.

ಮೂರು ಬದಲಾವಣೆ ಮಾಡಿದೆ. ಊಟದ ಸಾಲಿಗೆ ಏಳಕ್ಕಲ್ಲ, ಬಾಗಿಲು ಮುಚ್ಚುವ ಮುನ್ನ ಎಂಟೂಕಾಲಿಗೆ ಹೋಗತೊಡಗಿದೆ. ಆ ಹೊತ್ತಿಗೆ ಪಲ್ಯ ತಳ ಕಂಡಿರುತ್ತದೆ ಎಂಬ ತೊಂದರೆಯಿತ್ತು. ಭಟ್ಟರಿಗೆ ವಿಷಯ ಹೇಳಿ ಕತ್ತು ತೋರಿಸಿದೆ. ಅವರ ತಮ್ಮನಿಗೂ ಸಕ್ಕರೆಯಂತೆ. ಅಂದಿನಿಂದ ಒಂದು ಬಟ್ಟಲು ಪಲ್ಯ ನನಗೆಂದು ಮುಚ್ಚಿಟ್ಟಿರುತ್ತಿದ್ದರು. ಎರಡನೆಯದು, ರಾತ್ರಿ ಊಟಕ್ಕೆ ಎರಡು ಬೇಯಿಸಿದ ಮೊಟ್ಟೆ, ಕೂಪನ್ನಿಗೆ ಎಂಟೆಂಟು ರೂಪಾಯಿ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಎಪ್ಪತ್ತು ಚಿಲ್ಲರೆ ಕ್ಯಾಲೊರಿ ಅಷ್ಟೇ. ಅನ್ನ, ಸಾರು ಮಾತ್ರ ಉಂಡ ರಾತ್ರಿಗೂ ಮೊಟ್ಟೆ ಉಂಡ ರಾತ್ರಿಗೂ ಹಸಿವಿನಲ್ಲಿ ಒಂದೂವರೆ ಗಂಟೆಯ ಅಂತರ ಇತ್ತು. ಮೂರನೆಯದು, ಹತ್ತು ಗಂಟೆಗೆ ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು ಅಥವಾ ಸೌತೆಕಾಯಿ, ಮುಚ್ಚುಮರೆಯಿಲ್ಲದೆ, ಹೊತ್ತಿಗೆ ಸರಿಯಾಗಿ. ಭಾನುವಾರ ದೇವರಾಜ ಮಾರುಕಟ್ಟೆಗೆ ಹೋಗಿ ವಾರಕ್ಕಾಗುವಷ್ಟು ತಂದುಕೊಳ್ಳುತ್ತಿದ್ದೆ. ಅಲ್ಲಿ ನಂಜನಗೂಡು ರಸಬಾಳೆಯ ಮುಂದೆ ನಿಂತು ಬೆಲೆ ಕೇಳಿ ಮುಂದಕ್ಕೆ ಹೋಗುವುದೂ ಒಂದು ವ್ಯಾಯಾಮವೇ.

ನಿದ್ದೆಯೂ ಇದರ ಜೊತೆಗೇ ಸರಿಯಾಯಿತು. ಹನ್ನೆರಡರೊಳಗೆ ಮಲಗಿಬಿಟ್ಟರೆ ಎರಡನೇ ಹಸಿವು ಬರುವ ಮುನ್ನವೇ ನಿದ್ದೆ ಬಂದಿರುತ್ತಿತ್ತು. ಬೆಳಿಗ್ಗೆ ಬೇಗ ಎಚ್ಚರವಾಗುತ್ತಿದ್ದುದರಿಂದ ತಿಂಡಿಯೂ ತಪ್ಪುತ್ತಿರಲಿಲ್ಲ. ತಿಂಡಿ ತಪ್ಪದ ದಿನ ಹನ್ನೊಂದರ ಪಫ್ ಬೇಕೆನಿಸುತ್ತಿರಲಿಲ್ಲ.

ಮಧ್ಯಾಹ್ನದ ಮೂರು ಸುತ್ತನ್ನು ನಾನು ಬಿಡಲಿಲ್ಲ. ಮಜ್ಜಿಗೆ ಅನ್ನವಿಲ್ಲದೆ ಊಟ ಮುಗಿಯಿತೆಂದು ನನ್ನ ಹೊಟ್ಟೆ ಒಪ್ಪುವುದಿಲ್ಲ. ಸುತ್ತು ಮೂರೇ ಇರಲಿ, ಸುತ್ತಿಗೆ ಅನ್ನ ಅರ್ಧ ಸೌಟು ಎಂದು ಮಾಡಿಕೊಂಡೆ. ತಟ್ಟೆಯ ದೊಡ್ಡ ಕುಳಿಯಲ್ಲಿ ಅನ್ನದ ಬದಲು ಪಲ್ಯ, ಅನ್ನ ಪಕ್ಕದ ಚಿಕ್ಕ ಕುಳಿಗೆ. ಬಡಿಸುವವನಿಗೆ ಮೊದಲ ವಾರ ಗಲಿಬಿಲಿಯಾಯಿತು. ಪೂರಿಯ ಶನಿವಾರ ನಾಲ್ಕರ ಬದಲು ಎರಡು, ಸಾಗು ಧಾರಾಳ. ಬಿಟ್ಟೇಬಿಟ್ಟದ್ದು ಹಪ್ಪಳ ಒಂದೇ, ಅದೂ ಮೆಸ್ಸಿನ ಹಪ್ಪಳ ಯಾವಾಗಲೂ ಮೆತ್ತಗಾಗಿರುತ್ತಿತ್ತಾದ್ದರಿಂದ.

ಮುದ್ದೆಯ ವಿಚಾರ ಹೇಳಲೇಬೇಕು. ತೂಕ ಇಳಿಸಲು ಮುದ್ದೆಯೇ ಮದ್ದು ಎಂದು ಮೊಬೈಲಿನಲ್ಲಿ ದಿನಕ್ಕೊಬ್ಬರು ಹೇಳುತ್ತಾರೆ. ನಾನು ಮುದ್ದೆ ತಿಂದೇ ದಪ್ಪಗಾದ ಮನೆತನದವನು. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಂ ಮೇಲೆ, ಎಲ್ಲ ನಿಜ. ಕ್ಯಾಲೊರಿ ಮಾತ್ರ ಅಕ್ಕಿಗಿಂತ ಅಂಥ ಕಡಿಮೆಯೇನಲ್ಲ, ನೂರು ಗ್ರಾಂ ಹಿಟ್ಟಿಗೆ ಮುನ್ನೂರ ಇಪ್ಪತ್ತರ ಆಸುಪಾಸು. ಅಗಿಯದೆ ನುಂಗುವ ಪದಾರ್ಥವಾದ್ದರಿಂದ ಎರಡು ಮುದ್ದೆ ಒಳಗೆ ಹೋದದ್ದು ತಿಳಿಯುವುದೇ ಇಲ್ಲ. ವಾರಕ್ಕೆರಡು ದಿನ ಮೆಸ್ಸಿನಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಇರುತ್ತಿತ್ತು. ಆ ದಿನ ಒಂದೇ ಮುದ್ದೆ, ಬಸ್ಸಾರಿನ ಕಾಳು ಪಲ್ಯ ಎರಡು ಸಲ, ಮೇಲೆ ಅನ್ನವಿಲ್ಲ. ಹೀಗೆ ತಿಂದ ರಾತ್ರಿ ಹತ್ತರ ಹುರಿಗಡಲೆಯೂ ಬೇಡವಾಗುತ್ತಿತ್ತು.

ಹಸಿ ತರಕಾರಿಗಾಗಿ ಮೆಸ್ ಕಮಿಟಿಗೆ ಅರ್ಜಿ ಕೊಟ್ಟೆ. "ಸೌತೆಕಾಯಿ ಹೆಚ್ಚಿಟ್ಟರೆ ಯಾರೂ ಮುಟ್ಟುವುದಿಲ್ಲ, ಸಂಜೆಗೆ ಎಸೆಯಬೇಕು" ಎಂಬ ಉತ್ತರ ಬಂತು. ನಲವತ್ತು ಸಹಿ ಸಂಗ್ರಹಿಸಿಕೊಟ್ಟ ಮೇಲೆ ವಾರಕ್ಕೆ ಎರಡು ದಿನ ಕೋಸಂಬರಿ ಬಂತು. ಸಹಿ ಹಾಕಿದ ನಲವತ್ತರಲ್ಲಿ ಮೂವತ್ತು ಜನ ಅದನ್ನು ಮುಟ್ಟಲಿಲ್ಲ. ನನಗೇನು, ನನ್ನ ಪಾಲು ಹೆಚ್ಚಾಯಿತು.

ಮನೆಯ ಡಬ್ಬಿ ಇನ್ನೊಂದು ಪೀಕಲಾಟ. ಊರಿಗೆ ಹೋದಾಗಲೆಲ್ಲ ಅಮ್ಮ ಕೊಬ್ಬರಿ ಮಿಠಾಯಿ, ಕೋಡುಬಳೆ, ರವೆ ಉಂಡೆ ತುಂಬಿ ಕಳುಹಿಸುತ್ತಿದ್ದಳು. ಬೇಡ ಎಂದರೆ ಅವಳ ಮುಖ ಸಣ್ಣದಾಗುತ್ತಿತ್ತು. ಡಬ್ಬಿಯನ್ನು ನನ್ನ ಬೀರುವಿನಲ್ಲಿಟ್ಟರೆ ಮೂರು ರಾತ್ರಿ ನಾನೊಬ್ಬನೇ ತಿನ್ನುತ್ತೇನೆ. ಅದನ್ನೇ ಬಂದ ಸಂಜೆ ಕಾರಿಡಾರಿನ ಕಿಟಕಿ ಕಟ್ಟೆಯ ಮೇಲೆ ಮುಚ್ಚಳ ತೆರೆದಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಖಾಲಿ. ನನಗೆ ಎರಡು ಉಂಡೆ ಸಿಕ್ಕರೆ ಹೆಚ್ಚು. ಬಾಗಲಕೋಟೆಯವನ ಮನೆಯಿಂದ ಬರುತ್ತಿದ್ದ ಕಡಕ್ ಜೋಳದ ರೊಟ್ಟಿಯನ್ನು ಮಾತ್ರ ಇಬ್ಬರೂ ಸೇರಿ ಬಚ್ಚಿಟ್ಟುಕೊಳ್ಳುತ್ತಿದ್ದೆವು. ರೊಟ್ಟಿ ಅಗಿಯಲು ಸಮಯ ಬೇಕು, ಒಂದು ಮುಗಿಯುವಷ್ಟರಲ್ಲಿ ದವಡೆ ಸಾಕೆನ್ನುತ್ತದೆ.

ಇನ್ನು ನಡಿಗೆ. ಮೊದಲು ಹೋದದ್ದು ಕುಕ್ಕರಹಳ್ಳಿ ಕೆರೆಗೆ. ಕುವೆಂಪು ಅಡ್ಡಾಡಿದ ಏರಿ, ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯಂತೆ ತೇಲುತ್ತಿರುತ್ತವೆ. ನನಗೆ ಅವನ್ನೆಲ್ಲ ನೋಡುವ ಉಸಿರು ಉಳಿದಿರಲಿಲ್ಲ. ಅರವತ್ತು ದಾಟಿದ ಅಜ್ಜಂದಿರ ಗುಂಪೊಂದು ರಾಜಕೀಯ ಮಾತಾಡಿಕೊಂಡೇ ನನ್ನನ್ನು ಹಿಂದಕ್ಕೆ ಹಾಕಿ ಹೋಗುತ್ತಿತ್ತು. ಡಿಸೆಂಬರಿನಲ್ಲಿ ಒಂದು ಸುತ್ತಿಗೆ ಒಂದು ಗಂಟೆ ಐದು ನಿಮಿಷ ಹಿಡಿದದ್ದು ಮಾರ್ಚಿಗೆ ಐವತ್ತು ನಿಮಿಷಕ್ಕೆ ಬಂತು. ವಾರದಲ್ಲಿ ನಾಲ್ಕು ದಿನ ಹೋದರೆ ಹೆಚ್ಚು. ಉಳಿದ ದಿನ ಊಟವಾದ ಮೇಲೆ ಹಾಸ್ಟೆಲಿನ ಅಂಗಳದಲ್ಲಿ ಹದಿನೈದು ನಿಮಿಷ, ಮನೆಗೆ ಫೋನು ಮಾಡಿಕೊಂಡು. ಊಟದ ನಂತರದ ಈ ಸಣ್ಣ ನಡಿಗೆ ರಕ್ತದ ಸಕ್ಕರೆಗೆ ಒಳ್ಳೆಯದೆಂದು ವೈದ್ಯರೇ ಹೇಳಿದ್ದರು. ಕೇಳಿಸಿಕೊಂಡು ಅಪ್ಪನೂ ಆ ಕಡೆ ತೋಟದಲ್ಲಿ ನಡೆಯತೊಡಗಿದರು. ಇಬ್ಬರೂ ಏದುಸಿರಿನಲ್ಲೇ ಕೊಬ್ಬರಿ ಬೆಲೆ ಮಾತಾಡುತ್ತಿದ್ದೆವು.

ಜನವರಿಯಲ್ಲಿ ಹುಮ್ಮಸ್ಸು ಹೆಚ್ಚಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಮೆಟ್ಟಿಲು, ಏಳುನೂರರ ಸುಮಾರಿಗೆ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಹದಿನೇಳನೇ ಶತಮಾನದ ನಂದಿಗೆ ಒರಗಿಕೊಂಡು ಕುಳಿತವನನ್ನು ಗೆಳೆಯರು ಎಬ್ಬಿಸಿ ಮೇಲಕ್ಕೆ ಕರೆದೊಯ್ದರು. ಹತ್ತಿದ್ದರಿಂದ ಏನೂ ಆಗಲಿಲ್ಲ. ಇಳಿದದ್ದು ಕೆಡಿಸಿತು. 85 ಕೆಜಿ ದೇಹ ಒಂದೊಂದು ಮೆಟ್ಟಿಲಿಗೂ ಮಂಡಿಯ ಮೇಲೆ ಧೊಪ್ಪನೆ ಬೀಳುತ್ತಾ ಸಾವಿರ ಸಲ ಬಿತ್ತು. ಎರಡು ವಾರ ಮಂಡಿ ನೋವಿನಿಂದ ಕೆರೆಯ ನಡಿಗೆಯೂ ನಿಂತಿತು. ತೂಕ ಹೆಚ್ಚಿರುವವರು ಮೆಟ್ಟಿಲು ಹತ್ತಿ, ಇಳಿಯುವಾಗ ಬಸ್ಸಿನಲ್ಲಿ ಬರುವುದು ಮರ್ಯಾದೆಗೆ ಕಡಿಮೆಯೇನಲ್ಲ. ಆಮೇಲೆ ನಾನು ಹಾಗೆಯೇ ಮಾಡಿದೆ.

ಜಿಮ್ಮಿಗೂ ಒಂದು ತಿಂಗಳು ಹೋದೆ. ಅಲ್ಲಿ ಮೂರನೇ ದಿನವೇ ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬ ಮುಂದಿಟ್ಟರು. ಅದೇ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತದೆ ಎಂದು ಲೆಕ್ಕ ಹಾಕಿ ಎದ್ದು ಬಂದೆ. ಮಂಡಿ ವಾಸಿಯಾದ ಮೇಲೆ ಕುಂದಾಪುರದವನ ಜೊತೆ ಕೋಣೆಯಲ್ಲೇ ಬಸ್ಕಿ, ದಂಡ ಶುರು ಮಾಡಿದೆ. ಮೈಸೂರು ಗರಡಿಮನೆಗಳ ಊರು, ಪೈಲ್ವಾನರು ಇವೆರಡರಲ್ಲೇ ಮೈ ಕಟ್ಟಿದವರು. ಮೊದಲ ದಿನ ನನ್ನಿಂದ ಒಂದೂ ದಂಡ ಆಗಲಿಲ್ಲ. ಗೋಡೆಗೆ ಕೈಕೊಟ್ಟು ಆರಂಭಿಸಿ, ಆಮೇಲೆ ಮಂಚದ ಅಂಚಿಗೆ, ಏಪ್ರಿಲಿನ ಹೊತ್ತಿಗೆ ನೆಲಕ್ಕೆ ಬಂದೆ. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೋಟೀನಿನ ಜೊತೆ ಇಂಥದ್ದೊಂದು ಕೆಲಸ ಬೇಕೇ ಬೇಕು.

ಶನಿವಾರ ಬೆಳಿಗ್ಗೆ ತಿಂಡಿಗೆ ಮುಂಚೆ, ಅದೇ ಔಷಧಿ ಅಂಗಡಿಯ ತಕ್ಕಡಿ. ಅಂಕಿಯನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡುತ್ತಿದ್ದೆ. ಡಿಸೆಂಬರ್ ಕೊನೆಗೆ 87.1, ಜನವರಿ ಕೊನೆಗೆ 85, ಫೆಬ್ರವರಿ ಕೊನೆಗೆ 83.6. ಮಾರ್ಚಿನಲ್ಲಿ ಗೆರೆ ಮಲಗಿಬಿಟ್ಟಿತು. ಐದು ಶನಿವಾರ 83ರ ಆಚೆ ಈಚೆ. ಮದುವೆಯೊಂದಕ್ಕೆ ಹೋಗಿ ಬಂದ ವಾರ ಒಂದೂವರೆ ಕೆಜಿ ಏರಿದ್ದೂ ಉಂಟು. ಅದು ಉಪ್ಪು ಹಿಡಿದಿಟ್ಟ ನೀರು ಎಂದು ಮುಂದಿನ ಶನಿವಾರ ತಿಳಿಯಿತು. ಸಿಟ್ಟಿನಲ್ಲಿ ಗ್ರಾಫ್ ಹಾಳೆ ಹರಿಯಲು ಹೊರಟವನಿಗೆ ದರ್ಜಿಯ ಟೇಪು ನೆನಪಾಯಿತು. ನವೆಂಬರಿನಲ್ಲಿ 104 ಸೆಂ.ಮೀ. ಇದ್ದ ಸೊಂಟ 98ಕ್ಕೆ ಬಂದಿತ್ತು. ಆ ತಿಂಗಳು ತೂಕ ನಿಂತಿದ್ದರೂ ಟೇಪು ಎರಡು ಸೆಂ.ಮೀ. ಇಳಿದಿತ್ತು. ನಮ್ಮ ಕಡೆಯ ಗಂಡಸರಿಗೆ 90 ಗಡಿ, ಹೆಂಗಸರಿಗೆ 80. ಮತ್ತೆ ಲೆಕ್ಕ ಹಾಕಿ ನೋಡಿದರೆ, ಆರು ಕೆಜಿ ಹಗುರಾದ ದೇಹಕ್ಕೆ ಮೊದಲಿನಷ್ಟು ಊಟ ಬೇಡವಾಗಿತ್ತು. ಇಂಟರ್ನಲ್ಸ್ ಪರೀಕ್ಷೆಯ ನೆಪದಲ್ಲಿ ಬೈಟು ಮೂರರಿಂದ ಐದಾಗಿದ್ದವು. ಎರಡನ್ನು ಮತ್ತೆ ಕಳೆದೆ, ನಡಿಗೆ ಒಂದು ದಿನ ಹೆಚ್ಚಿಸಿದೆ, ಗೆರೆ ಮೆಲ್ಲಗೆ ಎದ್ದು ಕೆಳಗೆ ನಡೆಯಿತು.

ಇದೆಲ್ಲವನ್ನು ಕೇಳಿ ನನ್ನ ಅತ್ತೆಯ ಮಗಳೂ ಶುರು ಮಾಡಿದಳು. ಬೇರೆ ಊರಿನ ಹಾಸ್ಟೆಲ್, ಅವಳದೂ ಮೊದಲ ವರ್ಷ. 160 ಸೆಂ.ಮೀ. ಎತ್ತರ, 52 ಕೆಜಿ. ಇಳಿಸಲು ಅವಳ ಬಳಿ ಏನೂ ಇರಲಿಲ್ಲ. ಗೆಳತಿಯರು ಕೆನ್ನೆ ದಪ್ಪ ಎಂದರಂತೆ. ರಾತ್ರಿ ಊಟ ಬಿಟ್ಟು, ಎರಡು ತಿಂಗಳಲ್ಲಿ ಕೂದಲು ಉದುರಿ, ಮುಟ್ಟು ತಪ್ಪಿ, ಒಂದು ದಿನ ತರಗತಿಯಲ್ಲೇ ಕಣ್ಣು ಕತ್ತಲೆ ಬಂದು ಕುಸಿದಳು. ಹಿಮೋಗ್ಲೋಬಿನ್ ಬರೀ 9 ಇತ್ತು. ನನ್ನ ಗ್ರಾಫನ್ನು ಅವಳಿಗೆ ಮೊಬೈಲಿನಲ್ಲಿ ಕಳುಹಿಸಿ ಬೀಗಿದವನು ನಾನೇ. ಅದರ ಜೊತೆ ನನ್ನ ರಕ್ತ ಪರೀಕ್ಷೆಯ ಚೀಟಿಯನ್ನೂ ಕಳುಹಿಸಬೇಕಿತ್ತು. ಈಗ ಯಾರಾದರೂ ಕೇಳಿದರೆ ಮೊದಲು ಎತ್ತರ, ತೂಕ ಕೇಳುತ್ತೇನೆ. ಎಷ್ಟೋ ಸಲ ಮಾತು ಅಲ್ಲಿಗೇ ಮುಗಿಯುತ್ತದೆ.

ಮೇ ತಿಂಗಳಲ್ಲಿ ನಾಲ್ಕು ದಿನಕ್ಕೆಂದು ಊರಿಗೆ ಹೋದಾಗ ಅಪ್ಪನ ಜೊತೆಯೇ ವೈದ್ಯರ ಬಳಿ ಹೋದೆ. ತೂಕ 79.8. ಎಚ್‌ಬಿಎ1ಸಿ 5.4, ಟ್ರೈಗ್ಲಿಸರೈಡ್ 141. ವೈದ್ಯರು ಹೊಗಳಲಿಲ್ಲ. "ಹೊಸ್ತಿಲಿಂದ ಈಚೆ ಬಂದಿದ್ದೀಯ, ಹೊಸ್ತಿಲು ಅಲ್ಲೇ ಇದೆ" ಎಂದು ಅಪ್ಪನ ಚೀಟಿ ಕೈಗೆತ್ತಿಕೊಂಡರು. ಅಪ್ಪನ ಒಂದು ಮಾತ್ರೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಬರುವ ದಾರಿಯಲ್ಲಿ ಇಬ್ಬರೂ ಬೈಟು ಕಾಫಿ ಕುಡಿದೆವು, ಸಕ್ಕರೆ ಇಲ್ಲದೆ. ಅಪ್ಪ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು, ಏನೂ ಹೇಳಲಿಲ್ಲ.

ಅಮ್ಮನಿಗೆ ಮಾತ್ರ ಇದ್ಯಾವುದೂ ಹಿಡಿಸಲಿಲ್ಲ. "ಸೊರಗಿಹೋಗಿದ್ದೀಯ, ಮುಖದಲ್ಲಿ ಕಳೆಯೇ ಇಲ್ಲ" ಎಂದು ನಾಲ್ಕು ದಿನವೂ ತಟ್ಟೆಯ ಮುಂದೆ ಕಾವಲು ಕುಳಿತಳು. ಮಾವಿನ ಕಾಲ ಬೇರೆ. ಮೂರು ದಿನ ಲೆಕ್ಕ ಮರೆತು ತಿಂದೆ. ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಆಷಾಢ ಶುಕ್ರವಾರಗಳು ಬಂದು ಬೆಟ್ಟದ ಮೆಟ್ಟಿಲುಗಳಿಗೆಲ್ಲ ಅರಿಸಿನ ಕುಂಕುಮ ಬಿದ್ದ ತಿಂಗಳಲ್ಲಿ ಎರಡನೇ ಸೆಮಿಸ್ಟರಿನ ಗಡಿಬಿಡಿ. ಅದೆಲ್ಲ ಮುಗಿಸಿ ಆಗಸ್ಟಿನಲ್ಲಿ ತಕ್ಕಡಿ ಹತ್ತಿದಾಗ 76.2. ಬಿಎಂಐ 26ರ ಮೇಲೆಯೇ ಇದೆ, ಅಂದರೆ ಪುಸ್ತಕದ ಪ್ರಕಾರ ನಾನಿನ್ನೂ ದಪ್ಪನೆಯವನೇ. ಸೊಂಟ 93. ಬಿಳಿ ಕೋಟು ಈಗ ಜೋಲಾಡುತ್ತದೆ, ಆದರೆ ಕೆಮಿಸ್ಟ್ರಿ ಮುಗಿದುಹೋಗಿರುವುದರಿಂದ ಹಾಕಿಕೊಳ್ಳುವ ಸಂದರ್ಭವಿಲ್ಲ. ಜೂನಿಯರ್ ಒಬ್ಬನಿಗೆ ಕೊಟ್ಟೆ. ಅವನಿಗೆ ಗುಂಡಿ ಬಿಗಿಯಾಗುತ್ತಿದೆಯಂತೆ.

2025ರ ನರಕ ಚತುರ್ದಶಿಗೆ ಮತ್ತೆ ಹಂಡೆ, ಮತ್ತೆ ಹರಳೆಣ್ಣೆ. ಅಮ್ಮ ಬೆನ್ನು ಉಜ್ಜುತ್ತಾ ಕತ್ತಿಗೆ ಬಂದಳು. ಕೈ ನಿಧಾನವಾಯಿತು. ಬಚ್ಚಲಿನ ದೀಪ ಸಾಲದೆಂದು ಅಪ್ಪನನ್ನು ಕೂಗಿ ಮೊಬೈಲ್ ಟಾರ್ಚ್ ಹಾಕಿಸಿದಳು. ಇಬ್ಬರೂ ಬಗ್ಗಿ ನೋಡಿದರು. "ಎಡಗಡೆ ಪೂರ್ತಿ ಹೋಗಿದೆ. ಬಲಗಡೆ ಒಂದು ಬೆರಳಷ್ಟು ಇದೆ" ಎಂದರು ಅಪ್ಪ. ಅಮ್ಮ ಆ ಬೆರಳಷ್ಟು ಜಾಗಕ್ಕೆ ಒಂದು ಚಿಟಿಕೆ ಕಡಲೆಹಿಟ್ಟು ಹಚ್ಚಿ ಉಜ್ಜತೊಡಗಿದಳು. ಉಜ್ಜಿದರೆ ಹೋಗುವುದಲ್ಲ ಎಂದು ಗೊತ್ತಿದ್ದರೂ ನಾನು ತಲೆ ಬಗ್ಗಿಸಿ ಕುಳಿತಿದ್ದೆ.